ಮೂರು ದಿನ, ನಾಲ್ಕು ಊರು ಆಗತ್ತಾ? ಇಲ್ಲ ಕಾರವಾರ ಒಂದೇ ಸಾಕಾ?

ಉಣಕಲ್_ಕೆರೆ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಕೊನೆಯ ವಾರ ಮಕ್ಕಳಿಗೆ ರಜೆ. ಹುಬ್ಬಳ್ಳಿಯಿಂದ ನಮ್ಮದೇ ಕಾರಿನಲ್ಲಿ ಸಮುದ್ರದ ಕಡೆ ಹೋಗೋಣ ಅಂತಿದ್ದೇವೆ. ನಾನು, ಹೆಂಡತಿ, ಎಂಟು ಮತ್ತು ಹನ್ನೊಂದು ವರ್ಷದ ಇಬ್ಬರು ಮಕ್ಕಳು, ಜೊತೆಗೆ ನಮ್ಮ ಅವ್ವ. ಅವ್ವನಿಗೆ ಮಂಡಿ ನೋವು, ಮೆಟ್ಟಿಲು ಜಾಸ್ತಿ ಹತ್ತೋಕಾಗಲ್ಲ. ಮೊಟ್ಟೆ ಕೂಡ ಮುಟ್ಟಲ್ಲ. ಹೆಂಡತಿಗೆ ಮಾತ್ರ ಸಮುದ್ರದ ಊರಿಗೆ ಹೋಗಿ ಮೀನು ತಿನ್ನದೆ ಬಂದರೆ ರಜೆ ದಂಡ.

ನಾನು ಹಾಕಿಕೊಂಡಿರೋ ಲೆಕ್ಕ ಹೀಗಿದೆ. ಮೊದಲ ದಿನ ಮುರುಡೇಶ್ವರ ನೋಡಿ ರಾತ್ರಿ ಗೋಕರ್ಣ. ಎರಡನೇ ದಿನ ಬೆಳಗ್ಗೆ ಓಂ ಬೀಚ್, ಮಧ್ಯಾಹ್ನ ಕಾರವಾರ, ಸಂಜೆ ಗೋವಾದ ಪಾಳೊಳೆ. ಮೂರನೇ ದಿನ ವಾಪಸ್. ಹೆಂಡತಿ ಇದನ್ನ ನೋಡಿ "ಇದು ಪ್ರವಾಸ ಅಲ್ಲ, ಕೊರಿಯರ್ ಡ್ಯೂಟಿ" ಅಂದಳು. ಒಂದೇ ಊರಲ್ಲಿ ಇರೋಣ ಅಂತ ಅವಳ ಮಾತು. ನನ್ನ ತಮ್ಮ ಹೇಳೋದು ಬೇರೆ: "ಕಾರವಾರದಲ್ಲಿ ಏನಿದೆ? ಗೋವಾಕ್ಕೆ ಹೋಗುವಾಗ ಸೇತುವೆ ಮೇಲಿಂದ ನೋಡಿದರೆ ಮುಗೀತು."

ನಿಜವಾಗಿ ಅಷ್ಟೇನಾ? ಮೂರು ದಿನ ಅಲ್ಲೇ ಇದ್ದರೆ ಬೇಜಾರಾಗತ್ತಾ? ಗೊತ್ತಿದ್ದವರು ಹೇಳಿ.

ಬೈತಖೋಲ್_ಗಾಳಿ

ನಿಮ್ಮ ತಮ್ಮನಂಥವರು ದಿನಾ ಸಾವಿರಾರು ಜನ ನಮ್ಮೂರಿನ ಮೇಲೆ ಹಾದು ಹೋಗ್ತಾರೆ. ಕಾಳಿ ಸೇತುವೆ ಮೇಲೆ ಕಾರಿನ ಕಿಟಕಿ ಇಳಿಸಿ ಒಂದು ಫೋಟೊ, ಮುಗೀತು. ಬಿಡಿ, ಅದರಿಂದ ನಮಗೆ ಲಾಭವೇ. ಗೋಕರ್ಣದಲ್ಲಿ ಕಾರು ನಿಲ್ಲಿಸೋಕೆ ಜಾಗ ಸಿಗದ ವಾರದಲ್ಲೂ ಇಲ್ಲಿ ಬೀಚ್‌ನಲ್ಲಿ ಕೂರೋಕೆ ಜಾಗ ಇರತ್ತೆ.

ನಿಮ್ಮ ಹೆಂಡತಿ ಹೇಳಿದ್ದೇ ಸರಿ. ಮೂರು ದಿನವೂ ಕಾರವಾರದಲ್ಲಿರಿ. ಇಲ್ಲಿ ಒಂದು ಅನುಕೂಲ ಬೇರೆಡೆ ಸಿಗಲ್ಲ: ಊರು, ಸಮುದ್ರ, ನದಿ, ಗುಡ್ಡ ಎಲ್ಲಾ ಒಂದಕ್ಕೊಂದು ಅಂಟಿಕೊಂಡಿವೆ. ರವೀಂದ್ರನಾಥ ಟ್ಯಾಗೋರ್ ಕಡಲತೀರ ಊರಿನ ಪಕ್ಕದಲ್ಲೇ ಇದೆ, ಹೆದ್ದಾರಿ ದಾಟಿದರೆ ಮರಳು. ಅವ್ವನಿಗೆ ಗುಡ್ಡ ಇಳಿಯೋ ಕೆಲಸ ಇಲ್ಲ. ಓಂ ಬೀಚ್‌ಗೆ ಮೆಟ್ಟಿಲು ಇಳಿಯಬೇಕು, ಆಮೇಲೆ ಅಷ್ಟನ್ನೂ ಹತ್ತಬೇಕು, ಅದು ನೆನಪಿರಲಿ. ಇಲ್ಲಿ ಕೊಲ್ಲಿಗೆ ಅಡ್ಡವಾಗಿ ದ್ವೀಪಗಳಿರೋದರಿಂದ ಡಿಸೆಂಬರ್‌ನಲ್ಲಿ ಅಲೆಯ ಅಬ್ಬರವೂ ಕಡಿಮೆ. ಹಾಗಂತ ಮಕ್ಕಳನ್ನ ಸುಮ್ನೆ ಬಿಟ್ಟು ಮೊಬೈಲ್ ನೋಡ್ತಾ ಕೂರಬೇಡಿ. ಕಾಳಿ ನದಿ ಸಮುದ್ರ ಸೇರೋ ಜಾಗದ ಹತ್ತಿರವಂತೂ ನೀರಿಗೆ ಇಳಿಯಲೇಬೇಡಿ. ಮೇಲೆ ಶಾಂತವಾಗಿ ಕಾಣತ್ತೆ, ಇಳಿತದ ಹೊತ್ತಿಗೆ ಒಳಗಿನ ಸೆಳೆತ ದೊಡ್ಡವರನ್ನೂ ನಿಲ್ಲೋಕೆ ಬಿಡಲ್ಲ.

ಅದೇ ಬೀಚ್‌ನಲ್ಲಿ ಐಎನ್ಎಸ್ ಚಪಲ ಅನ್ನೋ ಯುದ್ಧನೌಕೆಯ ಮ್ಯೂಸಿಯಂ ಇದೆ. 1971ರ ಯುದ್ಧದಲ್ಲಿ ಹೋರಾಡಿದ ಹಡಗು. ನಿಮ್ಮ ಮಕ್ಕಳ ವಯಸ್ಸಿಗೆ ಇದು ಚೆನ್ನಾಗಿ ಹಿಡಿಸತ್ತೆ. ಒಳಗೆ ಬಗ್ಗಿಕೊಂಡು ಹೋಗಬೇಕು, ನಾವಿಕರು ಎಷ್ಟು ಇಕ್ಕಟ್ಟಿನಲ್ಲಿ ಮಲಗ್ತಿದ್ದರು ಅಂತ ನೋಡಿದರೆ ಮನೆಯಲ್ಲಿ ರೂಮಿಗಾಗಿ ಜಗಳ ಆಡೋದು ಸ್ವಲ್ಪ ದಿನ ನಿಲ್ಲಬಹುದು. ಪಕ್ಕದಲ್ಲೇ ಟುಪೊಲೆವ್ 142 ವಿಮಾನ ತಂದು ನಿಲ್ಲಿಸಿದ್ದಾರೆ. ಸಮುದ್ರದ ಮೇಲೆ ಹಾರ್ತಾ ಜಲಾಂತರ್ಗಾಮಿ ಹುಡುಕ್ತಿದ್ದ ರಷ್ಯನ್ ವಿಮಾನ, 29 ವರ್ಷ ದುಡಿದು 2017ರಲ್ಲಿ ನಿವೃತ್ತಿಯಾಯ್ತು. ತಮಿಳುನಾಡಿನ ಅರಕ್ಕೋಣಂನಿಂದ ಬಿಡಿಭಾಗ ಮಾಡಿ ಲಾರಿಗಳಲ್ಲಿ ತಂದು ಇಲ್ಲಿ ಮತ್ತೆ ಜೋಡಿಸಿದರು.

ಇನ್ನೊಂದು ಸಂಜೆ ಸದಾಶಿವಗಡ. ಸೇತುವೆಯ ಆ ಕಡೆಯ ಗುಡ್ಡ. ಸೋಂದೆಯ ಅರಸ ಬಸವಲಿಂಗ 1715ರ ಸುಮಾರಿಗೆ ಕೋಟೆ ಕಟ್ಟಿಸಿ ತಂದೆ ಸದಾಶಿವಲಿಂಗನ ಹೆಸರಿಟ್ಟ. ಕೋಟೆ ಅಂತ ಹುಡುಕಿಕೊಂಡು ಹೋದರೆ ನಿರಾಸೆ ಗ್ಯಾರಂಟಿ, ಉಳಿದಿರೋದು ಕಡಿಮೆ. ಆದರೆ ಮೇಲಿಂದ ನೋಡಿ: ಒಂದು ಕಡೆ ಜೋಯಿಡಾ ಕಾಡಿನಿಂದ ಬಂದ ಕಾಳಿ ಅಗಲವಾಗಿ ಹರಡಿಕೊಂಡಿರತ್ತೆ, ಇನ್ನೊಂದು ಕಡೆ ಕಡಲು, ನಡುವೆ ಸೇತುವೆ, ಆಚೆಗೆ ದ್ವೀಪಗಳು. ಹಳೆಯ ಸೇತುವೆ 2024ರ ಆಗಸ್ಟ್‌ನಲ್ಲಿ ನಡುರಾತ್ರಿ ಕುಸಿದು ಬಿತ್ತು, ಒಂದು ಲಾರಿ ನದಿಗೆ ಹೋಯ್ತು, ಪುಣ್ಯಕ್ಕೆ ಚಾಲಕ ಬದುಕಿದ. ಪಕ್ಕದ ಹೊಸ ಸೇತುವೆ ಮೇಲೆ ಓಡಾಟ ಇದೆ, ಭಯ ಬೇಡ.

ಇಷ್ಟಕ್ಕೇ ಎರಡು ಸಂಜೆ ಹೋಯ್ತು. ದೇವಬಾಗ, ಮಾಜಾಳಿ, ದೋಣಿ ಇನ್ನೂ ಬಾಕಿ.

ಘಟ್ಟ_ಇಳಿದವ

ನಾನು ಒಪ್ಪಲ್ಲ. ಊರಿನವರಿಗೆ ಊರು ಚಂದ, ಅದು ಸರಿ. ಆದರೆ ಮಕ್ಕಳನ್ನ ಕಟ್ಟಿಕೊಂಡು ಮೂರು ದಿನ ಕಾರವಾರದಲ್ಲಿ ಕೂತರೆ ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ "ಅಪ್ಪಾ ಮುಂದೇನು" ಶುರುವಾಗತ್ತೆ. ಅದು ಜಿಲ್ಲಾ ಕೇಂದ್ರ. ಕಚೇರಿ, ಕೋರ್ಟು, ಬಸ್ ಸ್ಟ್ಯಾಂಡು. ರಾತ್ರಿ ಬೇಗ ಮಲಗೋ ಊರು.

ನನ್ನ ಕೇಳಿದರೆ ಹೊನ್ನಾವರ. ಅಲ್ಲಿನ ಕಾಸರಕೋಡು ಬೀಚ್‌ಗೆ 2020ರಲ್ಲಿ ಬ್ಲೂ ಫ್ಲ್ಯಾಗ್ (ಸ್ವಚ್ಛ, ಸುರಕ್ಷಿತ ಬೀಚ್‌ಗೆ ಕೊಡೋ ಅಂತಾರಾಷ್ಟ್ರೀಯ ಮಾನ್ಯತೆ) ಸಿಕ್ಕಿದೆ, ಶೌಚಾಲಯ, ಸ್ನಾನದ ವ್ಯವಸ್ಥೆ ಎಲ್ಲಾ ಇದೆ, ವಯಸ್ಸಾದವರ ಜೊತೆ ಹೋಗುವಾಗ ಅದು ಸಣ್ಣ ವಿಷಯ ಅಲ್ಲ. ಶರಾವತಿಯಲ್ಲಿ ದೋಣಿ, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಮರದ ಹಲಗೆಯ ದಾರಿ. ಮುರುಡೇಶ್ವರ, ಇಡಗುಂಜಿ ಎರಡೂ ಹತ್ತಿರ, ಅವ್ವನಿಗೂ ಖುಷಿ. ಗಣಪತಿ ನೋಡದೆ ವಾಪಸ್ ಬಂದರೆ ಅವರು ಬೈಯಲ್ವಾ?

ಒಂದು ಮಾತು ಮಾತ್ರ ಮೇಲಿನವರ ಜೊತೆ ಸೇರಿ ಹೇಳ್ತೇನೆ. ನಿಮ್ಮ ಪ್ಲಾನ್ ಪ್ರಕಾರ ಮುರುಡೇಶ್ವರದಿಂದ ಪಾಳೊಳೆವರೆಗೆ ಓಡಿದರೆ ನೀವು ನೋಡೋದು ಹೆದ್ದಾರಿ 66 ಒಂದನ್ನೇ. ಯಾವ ಊರಾದರೂ ಸರಿ, ಒಂದೇ ಕಡೆ ರೂಮ್ ಮಾಡಿ.

ಉಣಕಲ್_ಕೆರೆ

ಹೆಂಡತಿಗೆ ಈ ಪುಟ ತೋರಿಸಿದ್ದೇ ತಪ್ಪಾಯ್ತು, ಈಗ ಮನೆಯಲ್ಲಿ ನನ್ನ ಮಾತಿಗೆ ಬೆಲೆ ಇಲ್ಲ 😄

ಹೊನ್ನಾವರ ಅಂದ್ರೆ ನಮಗೆ ಇನ್ನೂ ದೂರ. ಮುರುಡೇಶ್ವರ ಅವ್ವ ಹಿಂದೆ ನೋಡಿದ್ದಾರೆ. ಹಾಗಾಗಿ ಕಾರವಾರದ ಕಡೆಗೇ ವಾಲ್ತಿದೆ. ಇನ್ನು ಮೂರು ಪ್ರಶ್ನೆ. ದೋಣಿಯಲ್ಲಿ ದ್ವೀಪಕ್ಕೆ ಹೋಗೋದು ಮಕ್ಕಳ ಜೊತೆ ಸುರಕ್ಷಿತವಾ? ಅವ್ವನಿಗೆ ಊಟ ಸಿಗತ್ತಾ, ಯಾಕಂದ್ರೆ ಒಂದೇ ಹೋಟೆಲ್‌ನಲ್ಲಿ ಮೀನಿನ ವಾಸನೆ ಬಂದರೂ ಅವರು ಎದ್ದು ಬರ್ತಾರೆ. ಹುಬ್ಬಳ್ಳಿಯಿಂದ ದಾರಿ ಹೇಗಿದೆ, ಮಧ್ಯೆ ಎಲ್ಲಿ ನಿಲ್ಲಬಹುದು?

ಮುರುಗಲು_ಶರಬತ್ತು

ಊಟದಿಂದ ಶುರು ಮಾಡ್ತೇನೆ, ನನಗೆ ಅದೇ ಮುಖ್ಯ.

ಅವ್ವನಿಗೆ ಏನೂ ತೊಂದರೆ ಇಲ್ಲ. ಊರಿನೊಳಗೆ ಶುದ್ಧ ಸಸ್ಯಾಹಾರಿ ಹೋಟೆಲ್‌ಗಳು ಇವೆ, ಅಲ್ಲಿ ಮೀನಿನ ಸುಳಿವೂ ಇಲ್ಲ. ಬೆಳಗ್ಗೆ ಬನ್ಸ್ ಭಾಜಿ ತಿನ್ನಿಸಿ. ಬಾಳೆಹಣ್ಣು ಕಲಸಿ ಕರಿದ ಬನ್ಸು, ಜೊತೆಗೆ ತೆಳ್ಳನೆ ಭಾಜಿ. ಹುಬ್ಬಳ್ಳಿಯಲ್ಲೂ ಬನ್ಸ್ ಸಿಗತ್ತೆ ಅಂತ ಹೇಳಬೇಡಿ, ಇಲ್ಲಿ ತಿಂದು ಆಮೇಲೆ ಹೇಳಿ. ಊಟದ ಜೊತೆ ಸೋಲ್‌ಕಡಿ ಕೇಳಿ ಕುಡೀರಿ. ಮುರುಗಲು ಸಿಪ್ಪೆ, ತೆಂಗಿನ ಹಾಲು, ಬೆಳ್ಳುಳ್ಳಿ, ಹಸಿಮೆಣಸು. ಅವ್ವ ಬೆಳ್ಳುಳ್ಳಿ ತಿನ್ನಲ್ಲ ಅಂದ್ರೆ ಮೊದಲೇ ವಿಚಾರಿಸಿ.

ಹೆಂಡತಿಯವರಿಗೆ: ಮಧ್ಯಾಹ್ನದ ಊಟಕ್ಕೆ ಹೋಗಿ, ರಾತ್ರಿಗಲ್ಲ. ಬೆಳಗ್ಗೆ ಬಂದ ಮೀನು ಮಧ್ಯಾಹ್ನದ ಥಾಲಿಯಲ್ಲಿರತ್ತೆ, ಸಣ್ಣ ಖಾನಾವಳಿಗಳಲ್ಲಿ ರಾತ್ರಿ ಹೊತ್ತಿಗೆ ಒಳ್ಳೆಯದೆಲ್ಲ ಖಾಲಿ. ಎಲ್ಲರೂ ಇಸ್ವಾಣ (ಸುರಮಯಿ ಮೀನು) ಫ್ರೈ ಕೇಳ್ತಾರೆ. ಅದು ಚೆನ್ನಾಗೇ ಇರತ್ತೆ, ಆದರೆ ದುಬಾರಿ, ಅದೇ ಇಸ್ವಾಣ ಬೆಂಗಳೂರಲ್ಲೂ ಸಿಗತ್ತೆ. ಇಲ್ಲಿಗೆ ಬಂದವರು ಕೇಳಬೇಕಾದ್ದು ತಿಸರೆ ಸುಕ್ಕಾ ಮತ್ತು ಬಂಗಡೆ. ತಿಸರೆ ಅಂದ್ರೆ ಹೊಳೆಬಾಯಿಯ ಕೆಸರಿನಿಂದ ಇಳಿತದ ಹೊತ್ತಿಗೆ ಹೆಕ್ಕೋ ಚಿಪ್ಪಿಮೀನು, ಕುಮಟಾ ಕಡೆಯವರು ಬೆಳಚು ಅಂತಾರೆ. ಕಾಯಿತುರಿ ಹಾಕಿ ಒಣಗಿಸಿ ಮಾಡ್ತಾರೆ. ಬಂಗಡೆಯನ್ನ ಜುಮ್ಮನಕಾಯಿ ಹಾಕಿ ಮಾಡಿದ ಸಾರು ಸಿಕ್ಕರೆ ಬಿಡಬೇಡಿ. ಆ ಕಾಯಿ ಬಾಯಿಗೆ ಸಿಕ್ಕರೆ ನಾಲಿಗೆ ಜುಮ್ ಅನ್ನತ್ತೆ, ಅದನ್ನ ಬದಿಗಿಟ್ಟು ಸಾರು ಮಾತ್ರ ಉಣ್ಣಿ.

ಬೆಳಗ್ಗೆ ಬೇಗ ಎದ್ದರೆ ಬೈತಖೋಲ್ ಬಂದರಿಗೆ ಮಕ್ಕಳನ್ನ ಕರೆದುಕೊಂಡು ಹೋಗಿ. ಬೋಟು ಬಂದು ಬುಟ್ಟಿಗಟ್ಟಲೆ ಮೀನು ಇಳಿಸೋದು, ಹೆಂಗಸರು ದರ ಕೂಗೋದು, ಮೇಲೆ ಗರುಡ ಸುತ್ತೋದು. ಯಾವ ಮ್ಯೂಸಿಯಂಗಿಂತಲೂ ಇದೇ ವಾಸಿ. ದಾರಿಗೆ ಅಡ್ಡ ನಿಲ್ಲಬೇಡಿ ಅಷ್ಟೇ, ಅವರದು ಕೆಲಸದ ಹೊತ್ತು. ಚಪ್ಪಲಿಗೆ ವಾಸನೆ ಹಿಡಿಯತ್ತೆ, ಅವ್ವನ ಹತ್ತಿರ ಹೋಗುವ ಮುಂಚೆ ತೊಳೆದುಕೊಳ್ಳಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ, ಆಗ ಬಂದವರಿಗೆ ಇದು ಯಾವುದೂ ಸಿಗಲ್ಲ. ನೀವು ಡಿಸೆಂಬರ್ ಆರಿಸಿದ್ದು ಒಳ್ಳೆಯದಾಯ್ತು.

ಈಗ ದೋಣಿ. ಕೂರ್ಮಗಡ ದ್ವೀಪಕ್ಕೆ ಹೋಗಬಹುದು, ನರಸಿಂಹ ದೇವರ ಗುಡಿ ಇದೆ, ದಾರಿಯಲ್ಲಿ ಡಾಲ್ಫಿನ್ ಕಾಣೋ ಸಾಧ್ಯತೆಯೂ ಇದೆ. ಬೆಳಗ್ಗೆ ಹೊತ್ತು ಹೋಗಿ, ಮಧ್ಯಾಹ್ನದ ಮೇಲೆ ಗಾಳಿ ಏಳತ್ತೆ. ಜೀವರಕ್ಷಕ ಜಾಕೆಟ್ ಕೊಡದ ದೋಣಿ ಹತ್ತಲೇಬೇಡಿ. ಮಕ್ಕಳ ಅಳತೆಯದು ಇದೆಯಾ ಅಂತ ಹಣ ಕೊಡೋ ಮುಂಚೆ ಕೇಳಿ, ದೊಡ್ಡವರದನ್ನ ಮಗುವಿಗೆ ತೊಡಿಸಿದರೆ ನೀರಿನಲ್ಲಿ ಜಾರಿ ಹೋಗತ್ತೆ. ಇದನ್ನ ಸುಮ್ನೆ ಹೇಳ್ತಿಲ್ಲ. 2019ರ ಜನವರಿಯಲ್ಲಿ ಕೂರ್ಮಗಡ ಜಾತ್ರೆ ಮುಗಿಸಿ ಬರ್ತಿದ್ದ ದೋಣಿ ಮಗುಚಿ ಹತ್ತಾರು ಜನ ನೀರುಪಾಲಾದರು, ಮಕ್ಕಳೂ ಇದ್ದರು. ಊರು ಅದನ್ನ ಇನ್ನೂ ಮರೆತಿಲ್ಲ. ದೋಣಿಯಲ್ಲಿ ಜನ ಜಾಸ್ತಿ ಅನ್ನಿಸಿದರೆ ಇಳಿದುಬಿಡಿ, ಮುಂದಿನದಕ್ಕೆ ಹೋಗಿ. ಯಾರೂ ಏನೂ ಅಂದುಕೊಳ್ಳಲ್ಲ, ಅಂದುಕೊಂಡರೂ ಪರವಾಗಿಲ್ಲ.

ಸಮುದ್ರಕ್ಕೆ ಧೈರ್ಯ ಸಾಲದಿದ್ದರೆ ಕಾಳಿ ಹಿನ್ನೀರಿನಲ್ಲಿ ದೋಣಿ ಇದೆ. ಕಾಂಡ್ಲಾ ಕಾಡಿನೊಳಗೆ ಹಲಗೆ ದಾರಿ ಬೇಕು ಅಂದ್ರೆ ಹೊನ್ನಾವರಕ್ಕೇ ಹೋಗಬೇಕಾಗಿಲ್ಲ, ಕೋಡಿಬಾಗದಲ್ಲೂ ಒಂದಿದೆ. ಅವ್ವನೂ ನಿಧಾನಕ್ಕೆ ನಡೆಯಬಹುದು.

ಕರಿ_ಈಶಾಡು

ಅಂಕೋಲೆಯವನು ನಾನು. ದಾರಿ ಬಗ್ಗೆ ಹೇಳ್ತೇನೆ.

ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ, ಅರಬೈಲ್ ಘಟ್ಟ ಇಳಿದು ಅಂಕೋಲಾ, ಅಲ್ಲಿಂದ ಬಲಕ್ಕೆ ತಿರುಗಿ ಕಾರವಾರ. ಒಟ್ಟು 165 ಕಿಲೋಮೀಟರ್ ಆಸುಪಾಸು. ನಾಲ್ಕು ಗಂಟೆ ಹಿಡಿಯಿರಿ. ಘಟ್ಟದಲ್ಲಿ ಲಾರಿ ಜಾಸ್ತಿ, ಓವರ್‌ಟೇಕ್ ಹುಚ್ಚು ಬೇಡ, ಕತ್ತಲಾಗುವ ಮುಂಚೆ ಇಳಿದುಬಿಡಿ. ಮಧ್ಯೆ ನಿಲ್ಲೋಕೆ ಯಲ್ಲಾಪುರದ ಹತ್ತಿರ ಮಾಗೋಡು ಜಲಪಾತ. ಬೇಡ್ತಿ ನದಿ ಸುಮಾರು 200 ಮೀಟರ್ ಆಳಕ್ಕೆ ಎರಡು ಹಂತದಲ್ಲಿ ಬೀಳತ್ತೆ. ಡಿಸೆಂಬರ್‌ನಲ್ಲಿ ಮಳೆಗಾಲದ ಆರ್ಭಟ ಇರಲ್ಲ, ಆದರೆ ಮಂಜು ಮುಚ್ಚದೆ ಕಣಿವೆ ಪೂರ್ತಿ ಕಾಣತ್ತೆ. ಅದೇ ಬೇಡ್ತಿ ಕೆಳಗೆ ಬಂದು ಗಂಗಾವಳಿ ಅನ್ನಿಸಿಕೊಂಡು ನಮ್ಮ ತಾಲ್ಲೂಕಿನಲ್ಲಿ ಸಮುದ್ರ ಸೇರತ್ತೆ. ಮಕ್ಕಳಿಗೆ ಬೆಳಗ್ಗೆ ಜಲಪಾತ ತೋರಿಸಿ, ವಾಪಸ್ ಬರೋ ದಿನ ಅದರ ಹೊಳೆಬಾಯಿ ತೋರಿಸಿ. ಭೂಗೋಳದ ಪಾಠ ಪುಕ್ಕಟೆ.

ಎಲ್ಲರೂ ನಮ್ಮ ಅಂಕೋಲೆಯನ್ನ ತಿರುವು ಅಂತ ಮಾತ್ರ ನೋಡ್ತಾರೆ, ಕಾರವಾರದವರು ಗೋವಾ ಪ್ರವಾಸಿಗರ ಬಗ್ಗೆ ಗೊಣಗಿದ ಹಾಗೆ ನಾವು ಕಾರವಾರಕ್ಕೆ ಹೋಗೋರ ಬಗ್ಗೆ ಗೊಣಗ್ತೇವೆ. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿ ಅವರ ಮುಂದಾಳುತನದಲ್ಲಿ ಇಲ್ಲಿ ಉಪ್ಪು ತಯಾರಿಸಿ ಬ್ರಿಟಿಷರ ಕಾನೂನು ಮುರಿದರು. ಗುಜರಾತಿನ ಹೆಸರಾಂತ ಸತ್ಯಾಗ್ರಹದ ಊರಿಗೆ ಹೋಲಿಸಿ ಕರ್ನಾಟಕದ ಬಾರ್ಡೋಲಿ ಅಂತ ಹೆಸರೂ ಬಂತು. ಉಪ್ಪು ಹೇಗೆ ಆಗತ್ತೆ ಅಂತ ಮಕ್ಕಳಿಗೆ ತೋರಿಸಬೇಕು ಅಂದ್ರೆ ಗೋಕರ್ಣದ ದಾರಿಯಲ್ಲಿ ಸಾಣಿಕಟ್ಟಾ ಇದೆ, ಅಲ್ಲಿ ಇವತ್ತಿಗೂ ಆಗರದಲ್ಲಿ ಉಪ್ಪು ತೆಗೀತಾರೆ. ಬಿಸಿಲು ಬಲಿತ ಮೇಲೆ, ಫೆಬ್ರವರಿ ಮಾರ್ಚ್‌ನಲ್ಲಿ, ಬಿಳಿ ರಾಶಿಗಳು ಕಾಣ್ತವೆ. ನೀವು ಬರೋ ಹೊತ್ತಿಗೆ ಗದ್ದೆ ಸಿದ್ಧ ಮಾಡ್ತಿರ್ತಾರೆ ಅಷ್ಟೇ.

ಇನ್ನು ನನ್ನ ಹೆಸರಿನ ಹಣ್ಣು. ಅಂಕೋಲೆಯ ಕರಿ ಈಶಾಡು ಮಾವಿಗೆ 2023ರಲ್ಲಿ ಜಿಐ (ಇಂಥ ಊರಿನದೇ ಬೆಳೆ ಅನ್ನೋ ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ. ತೆಳು ಸಿಪ್ಪೆ, ರಸವೋ ರಸ. ಸಿಪ್ಪೆ ತೆಳು ಆದ್ದರಿಂದಲೇ ದೂರ ಸಾಗಿಸೋಕೆ ಬರಲ್ಲ, ನಿಮ್ಮ ಮಾರ್ಕೆಟ್‌ನಲ್ಲಿ ಕಾಣಿಸದೇ ಇರೋದೂ ಅದಕ್ಕೇ. ಮೇ ತಿಂಗಳಲ್ಲಿ ಒಮ್ಮೆ ಬನ್ನಿ. ಬೆವರು ಇಳಿಯತ್ತೆ, ಅದಕ್ಕೆ ನಾನೇನೂ ಮಾಡೋಕಾಗಲ್ಲ.

ಸುಮ್ನೆ_ಓದುಗ

ಒಂದೆರಡು ತಿದ್ದುಪಡಿ. ಬೈತಖೋಲ್_ಗಾಳಿ ಬೇಜಾರಾಗಬೇಡಿ.

ಚಪಲ 1971ರ ಯುದ್ಧದಲ್ಲಿ ಹೋರಾಡಿದ ಹಡಗು ಅಂತ ಎಲ್ಲ ಕಡೆ ಬರೀತಾರೆ. ಆ ಡಿಸೆಂಬರ್ 4ರ ರಾತ್ರಿ ಕರಾಚಿ ಮೇಲೆ ಕ್ಷಿಪಣಿ ಹಾರಿಸಿದ್ದು ನಿಪಾತ್, ನಿರ್ಘಾತ್, ವೀರ್ ಅನ್ನೋ ಮೂರು ನೌಕೆಗಳು. ಅವೂ ಸೋವಿಯತ್ ದೇಶದಲ್ಲಿ ಕಟ್ಟಿದ ಇದೇ ಜಾತಿಯವು, ಆದರೆ ಮೊದಲ ತಂಡ. ಚಪಲ ಎರಡನೇ ತಂಡದ್ದು, ನೌಕಾಪಡೆಗೆ ಸೇರಿದ್ದೇ 1976ರಲ್ಲಿ. ಮಕ್ಕಳಿಗೆ ಹೇಳುವಾಗ "ಇಂಥದೇ ಹಡಗು ಕರಾಚಿಗೆ ಹೋಗಿತ್ತು" ಅಂದ್ರೆ ಕಥೆಯೂ ಉಳಿಯತ್ತೆ, ಸುಳ್ಳೂ ಆಗಲ್ಲ.

ಟ್ಯಾಗೋರ್ ಬಗ್ಗೆ ಯಾರೂ ಇನ್ನೂ ಏನೂ ಹೇಳಿಲ್ಲ, ಆದರೆ ಅಲ್ಲಿ ಯಾರಾದರೂ "ಗೀತಾಂಜಲಿ ಇಲ್ಲೇ ಬರೆದಿದ್ದು" ಅಂದೇ ಅಂತಾರೆ. ಅಲ್ಲ. ಅವರ ಅಣ್ಣ ಸತ್ಯೇಂದ್ರನಾಥ, ಬ್ರಿಟಿಷರ ಕಾಲದ ಐಸಿಎಸ್ ಆಡಳಿತ ಸೇವೆ ಸೇರಿದ ಮೊದಲ ಭಾರತೀಯ, ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಅವರ ಮನೆಗೆ ಬಂದಾಗ ರವೀಂದ್ರರಿಗೆ ಇಪ್ಪತ್ತೆರಡರ ಆಸುಪಾಸು. ಇಲ್ಲಿದ್ದಾಗ ಬರೆದದ್ದು ಒಂದು ನಾಟಕ. ಒಂದು ಬೆಳದಿಂಗಳ ರಾತ್ರಿ ದೋಣಿಯಲ್ಲಿ ಕಾಳಿ ನದಿಯಲ್ಲಿ ಮೇಲಕ್ಕೆ ಹೋಗಿ, ಗುಡ್ಡದ ಕೋಟೆ ನೋಡಿ, ಒಬ್ಬ ರೈತನ ಮನೆಯಂಗಳದಲ್ಲಿ ಊಟ ಮಾಡಿ, ವಾಪಸ್ ಬರುವಾಗ ಹೊಳೆಬಾಯಿಯಲ್ಲಿ ಇಳಿದು ಮರಳಿನ ಮೇಲೆ ನಡೆದೇ ಮನೆಗೆ ಹೋದರು ಅಂತ ಅವರೇ ನೆನಪಿಸಿಕೊಂಡಿದ್ದಾರೆ. ಬೀಚ್‌ಗೆ ಅವರ ಹೆಸರಿಟ್ಟಿರೋದಕ್ಕೆ ಇಷ್ಟು ಸಾಕಲ್ವಾ, ನೊಬೆಲ್ ಪುಸ್ತಕ ಯಾಕೆ ಎಳೆದು ತರಬೇಕು?

ಬೈತಖೋಲ್_ಗಾಳಿ

ಬೇಜಾರೇನಿಲ್ಲ ಮಾರಾಯ್ರೇ. ಆದರೆ ನಮ್ಮೂರಿನ ಹಡಗಿನಿಂದ ಯುದ್ಧವನ್ನೇ ಕಿತ್ತುಕೊಂಡ್ರಿ.

ಉಣಕಲ್_ಕೆರೆಗೆ ಉಳಿದದ್ದು ಹೇಳಿ ಮುಗಿಸ್ತೇನೆ. ಒಂದು ದಿನ ಪೂರ್ತಿ ಸೇತುವೆಯ ಆ ಕಡೆಗೆ ಇಡಿ. ದೇವಬಾಗದಲ್ಲಿ ಗಾಳಿಮರದ ತೋಪಿನ ನೆರಳಿದೆ, ಅವ್ವನಿಗೆ ಚಾಪೆ ಹಾಸಿಕೊಟ್ಟರೆ ಮಧ್ಯಾಹ್ನ ಆರಾಮಾಗಿ ಕಳೀತಾರೆ. ಮಾಜಾಳಿ ಅಲ್ಲಿಂದ ಹತ್ತಿರ, ಮೀನುಗಾರರ ಊರು, ಬೀಚ್ ಉದ್ದಕ್ಕೆ ಖಾಲಿ. ಮಾಜಾಳಿ ತುದಿಯ ಗುಡ್ಡ ದಾಟಿದರೆ ತಿಳಮಾತಿ, ಅಲ್ಲಿ ಮರಳು ಎಳ್ಳಿನ ಹಾಗೆ ಕಪ್ಪಗೆ, ಕಾಳು ಕಾಳಾಗಿದೆ. ಕಪ್ಪು ಬಂಡೆ ಸವೆದು ಆದ ಮರಳು. ಗುಡ್ಡದ ದಾರಿ ನಡೆದೇ ಹೋಗಬೇಕು, ಹಾಗಾಗಿ ಅವ್ವ ಮತ್ತು ನಿಮ್ಮಲ್ಲೊಬ್ಬರು ಮಾಜಾಳಿಯಲ್ಲೇ ಇರಿ, ಇನ್ನೊಬ್ಬರು ಮಕ್ಕಳನ್ನ ಕರೆದುಕೊಂಡು ಹೋಗಿ. ನೀರು, ಟೋಪಿ ಒಯ್ಯಿರಿ, ಅಲ್ಲಿ ಅಂಗಡಿ ಇಲ್ಲ. ಗುಡ್ಡದ ಆಚೆಗೆ ಗೋವಾ. ನಿಮ್ಮ ತಮ್ಮನಿಗೆ "ಗೋವಾ ನೋಡಿ ಬಂದೆವು" ಅಂತ ಹೇಳೋಕೂ ಆಯ್ತು. ತಮ್ಮ ಬಾಟಲಿ ತಾ ಅಂದಿದ್ದರೆ ಮಾಜಾಳಿಯಲ್ಲಿ ಅಬಕಾರಿ ಚೆಕ್‌ಪೋಸ್ಟ್ ಇದೆ, ಅದು ಅವರ ಹಣೆಬರಹ.

ಊರಿನ ದಕ್ಷಿಣಕ್ಕೆ ಬಿಣಗಾ, ಅರಗಾ ಕಡೆ ಹೆದ್ದಾರಿಯಿಂದ ಸಮುದ್ರ ಬಲು ಚಂದ ಕಾಣತ್ತೆ, ಆದರೆ ಅದು ನೌಕಾನೆಲೆ. ಕಾರು ನಿಲ್ಲಿಸಿ ಫೋಟೊ ತೆಗೀಬೇಡಿ, ಡ್ರೋನ್ ಅಂತೂ ತರಲೇಬೇಡಿ. ಆ ನೆಲೆಗಾಗಿ ಊರೂರೇ ಎದ್ದು ಹೋಗಿವೆ, ನಮ್ಮ ಸಂಬಂಧಿಕರೂ ಅದರಲ್ಲಿದ್ದಾರೆ. ಅದು ಬೇರೆಯೇ ಕಥೆ, ಇಲ್ಲಿ ಬೇಡ.

ಡಿಸೆಂಬರ್ ಕೊನೆ ಅಂದಿರಿ. ಕರಾವಳಿ ಉತ್ಸವ ನಡೆಯೋ ವರ್ಷವಾದರೆ ಬೀಚ್‌ನ ಮಯೂರವರ್ಮ ವೇದಿಕೆಯಲ್ಲಿ ರಾತ್ರಿ ಕಾರ್ಯಕ್ರಮ ಇರತ್ತೆ. ಆಗ "ಬೇಗ ಮಲಗೋ ಊರು" ಅಂದವರು ಬಂದು ನೋಡಬೇಕು. ಆದರೆ ಆ ವಾರ ರೂಮ್ ಸಿಗೋದು ಕಷ್ಟ. ತಾರೀಖು ನೋಡಿಕೊಂಡು ಈಗಲೇ ಬುಕ್ ಮಾಡಿ.

ಉಣಕಲ್_ಕೆರೆ

ಆಯ್ತು, ಕಾರವಾರವೇ. ಎಲ್ಲರಿಗೂ ಥ್ಯಾಂಕ್ಸ್. ಮೊದಲ ದಿನ ಮಾಗೋಡು ನೋಡಿಕೊಂಡು ಇಳಿಯೋದು, ಸಂಜೆ ಬೀಚ್ ಮತ್ತು ಹಡಗು. ಎರಡನೇ ದಿನ ಬೆಳಗ್ಗೆ ಬಂದರು, ಆಮೇಲೆ ದೇವಬಾಗ, ಮಾಜಾಳಿ, ವಾಪಸ್ ಬರುವಾಗ ಸದಾಶಿವಗಡ. ಮೂರನೇ ದಿನ ಕೋಡಿಬಾಗ, ಊಟ, ಹೊರಡೋದು. ದೋಣಿ ವಿಷಯ ಅಲ್ಲಿಗೆ ಹೋಗಿ ಜಾಕೆಟ್ ನೋಡಿ ತೀರ್ಮಾನ ಮಾಡ್ತೇವೆ.

ಸದಾಶಿವಗಡದ ಮೇಲೆ ಕಾರು ಎಲ್ಲಿವರೆಗೆ ಹೋಗತ್ತೆ? ಅವ್ವ ಹತ್ತಬೇಕಾದ ಮೆಟ್ಟಿಲು ಇದೆಯಾ?

ಮುರುಗಲು_ಶರಬತ್ತು

ಗುಡ್ಡದ ಮೇಲೆ ರಸ್ತೆ ಇದೆ, ಕಾರು ಹತ್ತತ್ತೆ. ದುರ್ಗಾದೇವಿ ಗುಡಿಯೂ ಇದೆ, ಅವ್ವನಿಗೆ ಗಣಪತಿ ತಪ್ಪಿದರೂ ದೇವಿ ಸಿಕ್ಕಳು. ಸೂರ್ಯ ಮುಳುಗೋಕೆ ಒಂದು ಗಂಟೆ ಮುಂಚೆ ಹೋಗಿ. ಎಲ್ಲಕ್ಕಿಂತ ಮುಖ್ಯ, ಎರಡನೇ ದಿನ ಮಧ್ಯಾಹ್ನದ ಊಟ ಎಲ್ಲಿ ಅಂತ ನಿಮ್ಮ ಪಟ್ಟಿಯಲ್ಲಿ ಬರೆದೇ ಇಲ್ಲ. ಒಂದೂವರೆ ದಾಟಿದರೆ ತಿಸರೆ ಖಾಲಿ ಆಗತ್ತೆ, ಹೆಂಡತಿಯವರಿಗೆ ಉತ್ತರ ಕೊಡಬೇಕಾದವರು ನೀವು.